ಮಿಯಾನಿ ಇಲ್ಲದ ಜೀನ್ಸು

ಬಸವಕಲ್ಯಾಣದ ಕೋಟೆ ನೋಡಲು ಹೋದವರು ಅಲ್ಲಿನ ಬುರುಜು, ಬಾಗಿಲು, ತೋಪುಗಳ ನೆನಪು ಹೊತ್ತು ಮರಳುತ್ತಾರೆ. ನಾನು ಮರಳಿದ್ದು ಹರಿದ ಜೀನ್ಸ್ ತೊಟ್ಟು. ತೋಪೊಂದರ ಮೇಲೆ ಅಕ್ಷರಗಳೇನಾದರೂ ಇವೆಯೇ ಎಂದು ನೋಡಲು ಕುಕ್ಕುರುಗಾಲಿನಲ್ಲಿ ಕುಳಿತೆ, ಅಷ್ಟೇ. ಪರ್ರೆಂದು ಸದ್ದಾಯಿತು. ಹೆಗಲಚೀಲವನ್ನು ಬೆನ್ನಿನಿಂದ ಕೆಳಗಿಳಿಸಿ, ಆದಷ್ಟು ಗೋಡೆಯ ಬದಿಯಿಂದಲೇ ನಡೆದು ಪೇಟೆ ಸೇರಿದೆ. ಸಿಕ್ಕ ಮೊದಲ ಹೊಲಿಗೆ ಅಂಗಡಿಯಲ್ಲಿ ವಯಸ್ಸಾದ ದರ್ಜಿಯೊಬ್ಬರು ಮಷೀನಿನ ಮುಂದೆ ಕುಳಿತಿದ್ದರು. ಸುತ್ತಲಿನವರೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದರು. ಅವರು ಪ್ಯಾಂಟನ್ನು ತಿರುವಿ ಹಾಕಿ, ಹರಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಹೇಳಿದ್ದು ಇಷ್ಟು: 'ಮಿಯಾನಿನೇ ಇಲ್ಲಲ್ಲ ತಮ್ಮಾ, ಹರಿಲಾರ್ದೆ ಏನ್ ಮಾಡ್ತದ?'

ಆ ಪ್ಯಾಂಟಿಗೆ ನಾನು ಕೊಟ್ಟ ಬೆಲೆ ನೆನಪಾಗಿ ಹೊಟ್ಟೆ ಉರಿಯಿತು. ಆದರೆ ಕಿವಿಯಲ್ಲಿ ಉಳಿದದ್ದು ಆ ಪದ.

ಮಿಯಾನಿ ಎಂದರೆ ಪೈಜಾಮ, ಸಲ್ವಾರುಗಳಲ್ಲಿ ಎರಡು ಕಾಲುಗಳು ಕೂಡುವ ಕಡೆ ಇಡುವ ಒಂದು ಸಣ್ಣ ತುಂಡು ಬಟ್ಟೆ. ಪಾರಸಿಯಲ್ಲಿ 'ಮಿಯಾನ' ಎಂದರೆ ನಡು. 'ದರಮಿಯಾನ' ಎಂಬ ಮಾತನ್ನು ಹಿಂದಿ ಸಿನಿಮಾ ನೋಡುವವರೆಲ್ಲ ಕೇಳಿರುತ್ತಾರೆ. ಅದರದೇ ಬಳಗದ ಪದ ಇದು. ಬೀದರ ಸೀಮೆಯ ಹಳೆಯ ದರ್ಜಿಗಳ ಬಾಯಲ್ಲಿ ಇಂಥ ಮಾತುಗಳು ಇನ್ನೂ ಇವೆ. ಲಾಡಿ ಪೋಣಿಸುವ ಮಡಿಕೆ ನೇಫಾ, ಪ್ಯಾಂಟಿನ ಕೂರುವ ಭಾಗ ಆಸನ, ಅಂಗಿಯ ಬಗಲಿನಲ್ಲಿ ಕೂಡಿಸುವ ತುಂಡು ಚೌಬಗಲಾ. ಹೈದರಾಬಾದ್ ಸಂಸ್ಥಾನ 1948ರಲ್ಲಿ ಭಾರತದ ಒಕ್ಕೂಟದಲ್ಲಿ ವಿಲೀನವಾಯಿತು, 1956ರಲ್ಲಿ ಬೀದರ ಕನ್ನಡನಾಡಿಗೆ ಸೇರಿತು. ಕಚೇರಿಯ ಕಾಗದಪತ್ರದ ಭಾಷೆ ಬದಲಾಯಿತು; ಕತ್ತರಿಯ ಭಾಷೆ ಬದಲಾಗಲಿಲ್ಲ.

ಮಿಯಾನಿಯ ಕೆಲಸ ಏನೆಂದು ತಿಳಿಯಲು ಜೀನ್ಸನ್ನು ಒಮ್ಮೆ ಒಳಮಗ್ಗುಲು ಮಾಡಿ ನೋಡಿದರೆ ಸಾಕು. ಮುಂದಿನ ಎರಡು ತುಂಡು, ಹಿಂದಿನ ಎರಡು ತುಂಡು, ಇವುಗಳ ಹೊಲಿಗೆಗಳೆಲ್ಲ ತೊಡೆಸಂದಿಯಲ್ಲಿ ಒಂದೇ ಬಿಂದುವಿಗೆ ಬಂದು ಸೇರುತ್ತವೆ. ಜೀನ್ಸಿನ ಹೊಲಿಗೆ ಮಡಿಸಿ ಮಡಿಸಿ ಹಾಕಿದ ಜೋಡಿ ಹೊಲಿಗೆಯಾದ್ದರಿಂದ ಆ ಬಿಂದುವಿನಲ್ಲಿ ಬಟ್ಟೆ ಹಲವು ಪದರ ದಪ್ಪವಾಗಿರುತ್ತದೆ. ನಿಂತಾಗ ಏನೂ ತೊಂದರೆಯಿಲ್ಲ. ಕಾಲು ಅಗಲಿಸಿದರೆ, ಮೊಣಕಾಲು ಎತ್ತಿದರೆ, ಕುಕ್ಕುರುಗಾಲಿನಲ್ಲಿ ಕುಳಿತರೆ ನಾಲ್ಕೂ ಕಡೆಯ ಎಳೆತ ಆ ಒಂದೇ ಬಿಂದುವಿನ ಮೇಲೆ ಬೀಳುತ್ತದೆ. ದಪ್ಪ ಹೊಲಿಗೆ ಬಗ್ಗುವುದಿಲ್ಲ, ಪಕ್ಕದ ಬಟ್ಟೆ ತಡೆಯುವುದಿಲ್ಲ. ಹೀಗಾಗಿ ಹರಿಯುವುದು ಹೆಚ್ಚಾಗಿ ಹೊಲಿಗೆಯಲ್ಲ, ಹೊಲಿಗೆಯ ಪಕ್ಕದ ಬಟ್ಟೆ.

ಆ ಬಿಂದುವಿನ ಜಾಗದಲ್ಲಿ ಪತಂಗದ ಆಕಾರದ ಒಂದು ತುಂಡು ಕೂಡಿಸಿದರೆ? ಆಗ ನಾಲ್ಕು ಹೊಲಿಗೆ ಒಂದೆಡೆ ಸೇರುವುದಿಲ್ಲ. ಪತಂಗದ ನಾಲ್ಕು ಮೂಲೆಗಳಿಗೆ ಹಂಚಿಹೋಗುತ್ತವೆ. ಎಳೆತವೂ ಹಂಚಿಹೋಗುತ್ತದೆ. ಜೊತೆಗೆ ಆ ತುಂಡನ್ನು ಓರೆಯಾಗಿ ಕತ್ತರಿಸಿ ಕೂಡಿಸಿದ್ದರೆ ಅದು ತುಸು ಹಿಗ್ಗುತ್ತದೆ ಕೂಡ. ನೇಯ್ದ ಬಟ್ಟೆ ಯಾವುದೇ ಆಗಲಿ, ಉದ್ದಕ್ಕೆ ಎಳೆದರೆ ಹಿಗ್ಗುವುದು ಕಡಿಮೆ, ಓರೆಯಾಗಿ ಎಳೆದರೆ ಹೆಚ್ಚು. ಕರವಸ್ತ್ರವನ್ನು ಮೂಲೆಯಿಂದ ಮೂಲೆಗೆ ಎಳೆದು ನೋಡಿದರೆ ಯಾರಿಗಾದರೂ ತಿಳಿಯುತ್ತದೆ.

ಇಷ್ಟು ಸರಳವಾದ ಉಪಾಯವನ್ನು ಜಗತ್ತಿನ ಅತಿ ಜನಪ್ರಿಯ ಉಡುಪು ಯಾಕೆ ಬಿಟ್ಟುಕೊಟ್ಟಿತು? ಹೈದರಾಬಾದ್–ಪುಣೆ ಹೆದ್ದಾರಿಯ ಎರಡು ಊರುಗಳ ದರ್ಜಿ ಅಂಗಡಿಗಳಲ್ಲಿ ಕುಳಿತು ಈ ಪ್ರಶ್ನೆ ಕೇಳುವುದು ವಿಚಿತ್ರವಾಗಿ ಕಂಡೀತು. ಆದರೆ ಉಡುಪಿನ ಇತಿಹಾಸ ಈ ಸೀಮೆಗೆ ಹೊಸದೇನಲ್ಲ.

ಕಲ್ಯಾಣದ ಕಚ್ಚೆ

ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಯ ಚಾಲುಕ್ಯ ದೇಗುಲದ ಹೊರಗೋಡೆಯಲ್ಲಿ ಸಾಲಾಗಿ ನಿಂತ ಮದನಿಕೆಯರಿದ್ದಾರೆ. ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತಿರುವ ಶಿಲಾಬಾಲಿಕೆ ಇವರಲ್ಲಿ ಪ್ರಸಿದ್ಧೆ. ಮೈಯನ್ನು ಅಷ್ಟೊಂದು ಬಳುಕಿಸಿ ನಿಂತ ಈ ಶಿಲ್ಪಗಳನ್ನು ನೋಡುವಾಗ ನನಗೆ ಹೊಳೆದದ್ದು, ಇವರಲ್ಲಿ ಯಾರಿಗೂ ಉಡುಪು ಅಡ್ಡಿಯಾಗಿಲ್ಲ ಎಂಬುದು. ಕಲ್ಲಿನಲ್ಲಿ ಕಂಡದ್ದೆಲ್ಲ ಬೀದಿಯಲ್ಲೂ ಹಾಗೆಯೇ ಇತ್ತು ಎನ್ನಲಾಗದು, ಶಿಲ್ಪಿಗೂ ಕಲ್ಪನೆಯ ಸ್ವಾತಂತ್ರ್ಯ ಉಂಟು. ಆದರೂ ಹೊಲಿಯದ ಬಟ್ಟೆಯನ್ನು ಸುತ್ತಿ ಉಡುವ ಜನರಿಗೆ ಪ್ಯಾಂಟು ಹರಿಯುವ ಚಿಂತೆ ಇರಲಿಲ್ಲ ಎಂಬುದಂತೂ ನಿಜ.

ಕಚ್ಚೆ ಹಾಕುವುದನ್ನೇ ನೋಡಿ. ನಾಲ್ಕೈದು ಗಜದ ಧೋತರದ ನೆರಿಗೆಯನ್ನು ಕಾಲುಗಳ ನಡುವಿನಿಂದ ಹಾಯಿಸಿ ಹಿಂದೆ ಸಿಕ್ಕಿಸುತ್ತಾರೆ. ಆ ನೆರಿಗೆಯೇ ಮಿಯಾನಿ. ಕಾಲು ಅಗಲಿಸಿದಷ್ಟೂ ನೆರಿಗೆ ಬಿಚ್ಚುತ್ತದೆ, ಕೂಡಿಸಿದರೆ ಮಡಚಿಕೊಳ್ಳುತ್ತದೆ. ಬಸವಕಲ್ಯಾಣದಿಂದ ಮಹಾರಾಷ್ಟ್ರದ ಗಡಿ ದೂರವಿಲ್ಲ. ಆ ಕಡೆಯ ಮುದುಕಿಯರು ಒಂಬತ್ತು ಗಜದ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಹೊಲದಲ್ಲಿ ಕಳೆ ಕೀಳುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ಪುರವಂತರು ಹಾರಿ ಕುಣಿಯುವುದೂ ಕಾಸೆ ಬಿಗಿದುಕೊಂಡೇ.

ಕಲ್ಯಾಣ ರಾಜಧಾನಿಯಾಗಿದ್ದಾಗ ಬಟ್ಟೆ ರಾಜನ ಓದಿನ ವಿಷಯವೂ ಆಗಿತ್ತು. ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದ ನೂರು ಅಧ್ಯಾಯಗಳಲ್ಲಿ ವಸ್ತ್ರೋಪಭೋಗಕ್ಕೆ ಒಂದು ಅಧ್ಯಾಯವೇ ಮೀಸಲು. ಬಟ್ಟೆ ಎಲ್ಲೆಲ್ಲಿಂದ ಬರುತ್ತಿತ್ತು ಎಂಬ ಪಟ್ಟಿಯಲ್ಲಿ ಚೋಳದೇಶ, ನಾಗಪಟ್ಟಣ, ಸಿಂಹಳ, ಕಳಿಂಗ, ವಂಗಗಳಿಂದ ಹಿಡಿದು ಮಹಾಚೀನದವರೆಗೆ ಹೆಸರುಗಳಿವೆ. ಯಾವ ಋತುವಿಗೆ ಯಾವ ಬಗೆಯ ಬಟ್ಟೆ ಎಂಬ ವಿಚಾರವೂ ಉಂಟು. ಅದೇ ಗ್ರಂಥದಲ್ಲಿ ಮಲ್ಲಯುದ್ಧ, ಕುದುರೆಯ ಮೇಲೆ ಕುಳಿತು ಆಡುವ ಚೆಂಡಾಟಗಳ ವಿವರವೂ ಇದೆ. ಆ ಆಟದ ಮಾತು ಮುಂದೆ ಇನ್ನೊಮ್ಮೆ ಬರುತ್ತದೆ.

ಹಾಗೆಂದು ಹೊಲಿಗೆ ಮುಸಲ್ಮಾನರ ಜೊತೆಗೇ ಬಂತು ಎಂಬ ಜನಪ್ರಿಯ ನಂಬಿಕೆಯನ್ನು ಒಪ್ಪುವಂತಿಲ್ಲ. ಹಳೆಯ ಕನ್ನಡದಲ್ಲಿ 'ಚಲ್ಲಣ' ಎಂಬ ಪದವಿದೆ. ತೊಡೆಗೆ ಅಂಟಿಕೊಳ್ಳುವ ಮೋಟು ಚಡ್ಡಿ ಎಂದು ಅದರ ಅರ್ಥ. ಉತ್ತರ ಕರ್ನಾಟಕದ ಗರಡಿಮನೆಗಳ 'ಚಣ್ಣ' ಅದರದೇ ಮೊಮ್ಮಗ ಇದ್ದೀತು. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದಾನೆ. ನೇಯುವವ, ಅಗಸ, ನೂಲುವವಳು, ಇವರೊಂದಿಗೆ ಸೂಜಿ ಹಿಡಿದವನೂ ಅನುಭಾವಿಗಳ ಪಂಕ್ತಿಯಲ್ಲಿ ಕುಳಿತ. ಸೂಜಿಯನ್ನೇ ಕಾಯಕ ಮಾಡಿಕೊಂಡು ಬದುಕುವವರು ಇದ್ದರು ಎಂದ ಮೇಲೆ ಹೊಲಿಸಿಕೊಳ್ಳುವವರೂ ಇರಲೇಬೇಕಲ್ಲ.

ಬಹಮನಿ ಸುಲ್ತಾನರ ಕಾಲದಲ್ಲಿ ಬೀದರ ರಾಜಧಾನಿಯಾಯಿತು. ಪರ್ಷಿಯಾ, ಮಧ್ಯ ಏಷ್ಯಾಗಳಿಂದ ಬಂದ ಸರದಾರರು, ವ್ಯಾಪಾರಿಗಳು, ಕುಶಲಿಗಳು ಇಲ್ಲಿ ನೆಲೆಸಿದರು. ಕುದುರೆ ಸವಾರಿಯವರ ಉಡುಪಾದ ಪೈಜಾಮದ ಬಳಕೆ ದಖ್ಖನಿನಲ್ಲಿ ಬೇರೂರಿತು. 'ಪಾಯ್' ಎಂದರೆ ಕಾಲು, 'ಜಾಮ' ಎಂದರೆ ಉಡುಪು. ಮುಂದೆ ನಿಜಾಮರ ಅಧೀನದಲ್ಲಿ ಕಲ್ಯಾಣಿಯ ನವಾಬರು ಈ ಕೋಟೆಯಲ್ಲಿದ್ದರು. (ಇವರ ಹೆಸರು ಇಂದು ಹೆಚ್ಚು ಜನರಿಗೆ ಗೊತ್ತಿರುವುದು ಹೈದರಾಬಾದಿನ ಕಲ್ಯಾಣಿ ಬಿರಿಯಾನಿಯಿಂದ. ಕೋಟೆ ಕಟ್ಟಿದವರಿಗಿಂತ ಅಡುಗೆ ಮಾಡಿಸಿದವರ ಹೆಸರು ಗಟ್ಟಿ!)

ಈ ಪೈಜಾಮದ ಕತ್ತರಿಕೆಯಲ್ಲಿ ಒಂದು ಜಾಣ್ಮೆ ಇತ್ತು. ಕೈಮಗ್ಗದ ಬಟ್ಟೆಯ ಪನ್ನಾ ಕಿರಿದು, ಬೆಲೆ ಹೆಚ್ಚು. ಒಂದು ಅಂಗುಲವೂ ಪೋಲಾಗಬಾರದು. ಆದ್ದರಿಂದ ದರ್ಜಿಗಳು ಬಟ್ಟೆಯನ್ನು ನೇರ ಗೆರೆಗಳಲ್ಲಿ ಆಯತ, ತ್ರಿಕೋನ, ಚೌಕಗಳಾಗಿ ಕತ್ತರಿಸಿ ಕೂಡಿಸುತ್ತಿದ್ದರು. ಕಾಲಿಗೊಂದು ಆಯತ, ಅಗಲಕ್ಕೆ ಕಲಿ, ನಡುವೆ ಮಿಯಾನಿ. ಮಿಯಾನಿ ಹುಟ್ಟಿದ್ದು ಉಳಿತಾಯದಿಂದ, ಉಳಿದದ್ದು ಅದು ಕೊಡುವ ಸೌಖ್ಯದಿಂದ. ಯುರೋಪಿನಲ್ಲೂ ಒಂದು ಕಾಲಕ್ಕೆ ಹೀಗೆಯೇ ಇತ್ತು. ಲಿನನ್ ಅಂಗಿಗಳ ಬಗಲಿಗೆ ಚೌಕದ ತುಂಡು ಕೂಡಿಸುತ್ತಿದ್ದರು. ಉಕ್ಕಿನ ಕವಚ ತೊಟ್ಟ ಯೋಧರೂ ಬಗಲು, ಮೊಣಕೈಗಳ ಸಂದಿಯಲ್ಲಿ ಬಳೆ ಬಳೆಯಾಗಿ ಹೆಣೆದ ಜಾಲದ ತುಂಡು ಇಡುತ್ತಿದ್ದರು. ಇಂಗ್ಲಿಷಿನಲ್ಲಿ ಇಂಥ ತುಂಡಿಗೆ ಇರುವ 'ಗಸೆಟ್' ಎಂಬ ಹೆಸರು ಕವಚದ ಕಾಲದಿಂದಲೂ ಬಂದದ್ದು.

ಆಮೇಲೆ ಯಂತ್ರಮಗ್ಗ ಬಂತು, ಪನ್ನಾ ಅಗಲವಾಯಿತು, ಬಟ್ಟೆ ಅಗ್ಗವಾಯಿತು. ಹತ್ತೊಂಬತ್ತನೆಯ ಶತಮಾನದ ಯುರೋಪಿನ ದರ್ಜಿಗಳು ದೊಡ್ಡ ತುಂಡುಗಳನ್ನು ಬಾಗುಗೆರೆಗಳಲ್ಲಿ ಕತ್ತರಿಸಲು ಕಲಿತರು. ನಿಂತಾಗ ಅಂದವಾಗಿ ಕಾಣುವ, ಕುರ್ಚಿಯ ಮೇಲೆ ಕುಳಿತಾಗ ತಡೆಯುವ ಪ್ಯಾಂಟು ಹುಟ್ಟಿತು. ಮಿಯಾನಿ ಹಿಂದೆ ಬಿತ್ತು. ಕಾರ್ಖಾನೆಯಲ್ಲಿ ಹತ್ತಾರು ಪದರ ಬಟ್ಟೆಯನ್ನು ಒಟ್ಟಿಗೆ ಹಾಸಿ ಕತ್ತರಿಸುವಾಗ ಒಂದು ಸಣ್ಣ ತುಂಡು ಹೆಚ್ಚಾದರೆ ಅದಕ್ಕೆ ನಾಲ್ಕು ಬದಿ ಹೊಲಿಗೆ, ನಾಲ್ಕು ಮೂಲೆ ತಿರುಗಿಸುವ ಕೆಲಸ. ಒಂದು ಪ್ಯಾಂಟಿಗೆ ಒಂದೆರಡು ನಿಮಿಷವಾದರೂ ಸಾವಿರ ಪ್ಯಾಂಟಿಗೆ ಎಷ್ಟಾಯಿತು?

ಮಧ್ಯೆ ಒಂದು ಸ್ವಾರಸ್ಯದ ಪ್ರಸಂಗವಿದೆ. 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವಕ್ಕೆ ಜೋಧಪುರದ ಸರ್ ಪ್ರತಾಪ್ ಸಿಂಗ್ ಇಂಗ್ಲೆಂಡಿಗೆ ಹೋದರು. ಅವರೂ ಅವರ ಪೋಲೊ ತಂಡದವರೂ ತೊಟ್ಟಿದ್ದ ಸವಾರಿ ಷರಾಯಿ ತೊಡೆಯ ಕಡೆ ಬಲೂನಿನಂತೆ ಉಬ್ಬಿ, ಮೊಣಕಾಲಿನ ಕೆಳಗೆ ಚರ್ಮದಂತೆ ಅಂಟಿಕೊಂಡಿತ್ತು. ಇಂಗ್ಲಿಷರು ಅದಕ್ಕೆ ಮರುಳಾದರು. 'ಜೋಧಪುರ್ಸ್' ಎಂಬುದು ಇಂಗ್ಲಿಷಿನ ಪದವೇ ಆಯಿತು. ಆ ಉಬ್ಬು ಷೋಕಿಗಲ್ಲ. ಅಂದಿನ ಬಟ್ಟೆಗೆ ಹಿಗ್ಗುವ ಗುಣವಿರಲಿಲ್ಲ. ಸವಾರನ ತೊಡೆ ಅಗಲಿದಾಗ ಬೇಕಾಗುವ ಬಟ್ಟೆಯನ್ನು ಮೊದಲೇ ಅಲ್ಲಿ ಕೂಡಿಟ್ಟಿರಬೇಕಿತ್ತು. ಹಿಗ್ಗುವ ನೂಲು ಬಂದ ಮೇಲೆ ಉಬ್ಬು ಮಾಯವಾಯಿತು. ಚಾಲುಕ್ಯ ಅರಸು ವರ್ಣಿಸಿದ ಕುದುರೆ ಚೆಂಡಾಟವನ್ನು ಹೋಲುವ ಆಟವೊಂದು ಎಂಟು ನೂರು ವರ್ಷಗಳ ಬಳಿಕ ಲಂಡನ್ನಿನ ದರ್ಜಿಗಳಿಗೆ ಪಾಠ ಹೇಳಿತು.

ಡೋಂಗ್ರಿಯಿಂದ ರೀನೋಗೆ

ಈಗ ಜೀನ್ಸಿಗೆ ಬರೋಣ. ಅದರ ಪೂರ್ವಜರಲ್ಲಿ ಒಬ್ಬ ನಮ್ಮವನೇ. ಮುಂಬಯಿಯ ಡೋಂಗ್ರಿಯ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಒರಟು ಹತ್ತಿ ಬಟ್ಟೆ ಹದಿನೇಳನೆಯ ಶತಮಾನದಲ್ಲೇ ಇಂಗ್ಲಿಷ್ ಹಡಗುಗಳಿಗೆ ಪರಿಚಿತವಾಗಿತ್ತು. 'ಡಂಗರಿ' ಎಂಬ ಪದ ಅಲ್ಲಿಂದ. ಫ್ರಾನ್ಸಿನ ನೀಮ್ ಪಟ್ಟಣದ ಬಟ್ಟೆಯಿಂದ 'ಡೆನಿಮ್', ಇಟಲಿಯ ಜಿನೋವಾ ಬಂದರಿನಿಂದ 'ಜೀನ್' ಎಂಬ ಹೆಸರುಗಳು ಬಂದವು ಎನ್ನುತ್ತಾರೆ. ಡೆನಿಮ್‌ನಲ್ಲಿ ಹಾಸುನೂಲು ನೀಲಿ, ಹೊಕ್ಕುನೂಲು ಬಿಳಿ. ಹಾಸು ಮೂರು ಎಳೆಗಳ ಮೇಲೆ ಹಾಯ್ದು ಒಂದರ ಕೆಳಗೆ ಇಳಿಯುವುದರಿಂದ ಹೊರಗೆ ನೀಲಿ, ಒಳಗೆ ಬಿಳಿ ಕಾಣುತ್ತದೆ. ನೀಲಿ ಬಣ್ಣ ನೂಲಿನ ತಿರುಳಿಗೆ ಇಳಿಯದೆ ಮೇಲೇ ನಿಲ್ಲುವುದರಿಂದ ಉಜ್ಜಿದಲ್ಲೆಲ್ಲ ಮಾಸುತ್ತದೆ. ಮಾಸಿದ್ದೇ ಫ್ಯಾಶನ್ ಆದದ್ದು ಆಮೇಲಿನ ಮಾತು.

ಜೀನ್ಸನ್ನು ಲೆವಿ ಸ್ಟ್ರಾಸ್ ಕಂಡುಹಿಡಿದ ಎಂದು ಓದಿದ್ದೇವೆ. ನಿಜವಾಗಿ ಕಂಡುಹಿಡಿದವನು ಒಬ್ಬ ಸಣ್ಣ ಊರಿನ ದರ್ಜಿ. ಲ್ಯಾಟ್ವಿಯಾದ ರಿಗಾದಿಂದ ಅಮೆರಿಕಕ್ಕೆ ಹೋಗಿದ್ದ ಜೇಕಬ್ ಡೇವಿಸ್, ನೆವಾಡದ ರೀನೋ ಎಂಬಲ್ಲಿ ಡೇರೆ, ಕುದುರೆಯ ಹೊದಿಕೆಗಳನ್ನು ಹೊಲಿಯುತ್ತಿದ್ದ. ಕಟ್ಟಿಗೆ ಕಡಿಯುವ ಗಂಡನ ಪ್ಯಾಂಟು ಪದೇ ಪದೇ ಹರಿಯುತ್ತದೆಂದು ಹೆಂಗಸೊಬ್ಬಳು ಬಂದು ಗಟ್ಟಿಯಾದದ್ದು ಹೊಲಿದುಕೊಡಲು ಕೇಳಿದಳಂತೆ. ಕುದುರೆ ಹೊದಿಕೆಗೆ ಬಡಿಯುವ ತಾಮ್ರದ ರಿವೆಟ್ಟನ್ನು ಡೇವಿಸ್ ಜೇಬಿನ ಮೂಲೆಗಳಿಗೆ ಬಡಿದ. ಬೇಡಿಕೆ ಬೆಳೆದಾಗ ತನಗೆ ಬಟ್ಟೆ ಪೂರೈಸುತ್ತಿದ್ದ ಸ್ಯಾನ್‌ಫ್ರಾನ್ಸಿಸ್ಕೋದ ವ್ಯಾಪಾರಿ ಲೆವಿ ಸ್ಟ್ರಾಸ್‌ಗೆ ಪತ್ರ ಬರೆದು ಪಾಲುದಾರನಾಗಲು ಕೇಳಿದ. 1873ರ ಮೇ 20ರಂದು ಪೇಟೆಂಟ್ ಸಿಕ್ಕಿತು.

ಗಮನಿಸಬೇಕಾದದ್ದು, ಆ ಪೇಟೆಂಟ್ ಇದ್ದದ್ದು ಜೇಬು ಹರಿಯದಂತೆ ಭದ್ರಪಡಿಸುವ ವಿಧಾನಕ್ಕೆ. ಅದು ಗಟ್ಟಿತನದ ಶೋಧ, ಚಲನೆಯ ಶೋಧವಲ್ಲ. ಅಂದಿನ ಪ್ಯಾಂಟು ಹೇಗೂ ದೊಗಳೆ. ಪಟ್ಟಿ ಹಾಕಿ ಹೆಗಲಿಗೆ ತೂಗುಹಾಕುತ್ತಿದ್ದ ಅದರೊಳಗೆ ಗಣಿಯವನು, ದನಗಾಹಿ ಹೇಗೆ ಬೇಕಾದರೂ ಬಗ್ಗಬಹುದಿತ್ತು. ತೊಡೆಸಂದಿ ಹರಿಯಬಾರದೆಂದು ಅಲ್ಲಿಯೂ ಒಂದು ರಿವೆಟ್ ಬಡಿದಿದ್ದರು. ಬೆಂಕಿಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತ ದನಗಾಹಿಗಳಿಗೆ ಆ ತಾಮ್ರ ಕಾದು ಏನಾಗುತ್ತಿತ್ತು ಎಂಬ ಬಗ್ಗೆ ಅನೇಕ ನಗೆಕಥೆಗಳಿವೆ. ಎರಡನೆಯ ಮಹಾಯುದ್ಧದ ಲೋಹದ ಅಭಾವದಲ್ಲಿ ಅದನ್ನು ಕೈಬಿಟ್ಟರು. ರಿವೆಟ್ ಹೋಯಿತು, ಅದರ ಜಾಗಕ್ಕೆ ಮಿಯಾನಿ ಬರಲಿಲ್ಲ.

ತೊಂದರೆ ಶುರುವಾದದ್ದು ಜೀನ್ಸ್ ಮೈಗೆ ಅಂಟಿದಾಗ. 1950ರ ದಶಕದಿಂದ ಅದು ದುಡಿಮೆಯ ಬಟ್ಟೆಯಿಂದ ಹರೆಯದವರ ಬಟ್ಟೆಯಾಯಿತು, ಸಿನಿಮಾ ನಟರ ಬಟ್ಟೆಯಾಯಿತು. ನಮ್ಮಲ್ಲಿ 'ಶೋಲೆ' (1975) ಚಿತ್ರದ ಜೈ ಡೆನಿಮ್ ತೊಟ್ಟು ಬಂದ. ಕುದುರೆಯಿಂದಿಳಿದ ಜೀನ್ಸ್ ಬಿಗಿಯಾಗುತ್ತ ಹೋಯಿತು, ಕತ್ತರಿಕೆ ಮಾತ್ರ ಹಳೆಯದೇ.

ಮೊದಲು ತಕರಾರು ತೆಗೆದವರು ಕಾಲೆತ್ತುವ ಜನ. ಅಮೆರಿಕದಲ್ಲಿ ಕರಾಟೆ, ಕುಂಗ್‌ಫೂ ಕಲಿತವರು ತಾಲೀಮಿನ ಷರಾಯಿಗಳಲ್ಲಿ ಏಷ್ಯಾದ ಹಳೆಯ ಮಿಯಾನಿಯನ್ನು ಕಂಡರು. ಅದನ್ನು ಜೀನ್ಸಿಗೆ ಕೂಡಿಸಿ ನಟ ಚಕ್ ನಾರಿಸ್ ಕಾಲೆತ್ತಿ ನಿಂತ ಜಾಹೀರಾತಿನೊಂದಿಗೆ 'ಆಕ್ಷನ್ ಜೀನ್ಸ್' ಮಾರಿದರು. 1982ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಬಂಡೆ ಹತ್ತುವವರೂ ಮೈಕ್ ಗ್ರಹಾಂ ಎಂಬ ತಮ್ಮ ಸಂಗಾತಿಯ ಹೊಲಿಗೆಯಿಂದ ಇದೇ ದಾರಿ ಹಿಡಿದರು. ಇಂದು ಬಾದಾಮಿಯ ಕೆಂಪು ಬಂಡೆ ಹತ್ತಲು ಬರುವ ಹುಡುಗ ಹುಡುಗಿಯರ ಪ್ಯಾಂಟನ್ನು ಗಮನಿಸಿ. ನಡುವೆ ಆ ಪತಂಗದ ತುಂಡು ಕಂಡೀತು. ಅದಕ್ಕೆ ತೆತ್ತ ಹಣದಲ್ಲಿ ಬಸವಕಲ್ಯಾಣದ ಚಾಚಾ ಎಷ್ಟು ಪೈಜಾಮ ಹೊಲಿದಾರೋ!

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಆಸನವನ್ನು ಕೆಳಗಿಳಿಸಿ ಜೋಲುಬಿಟ್ಟರೆ ಆರಾಮ ಎಂದು ಹಲವರು ಭಾವಿಸುತ್ತಾರೆ. ಕಾಲು ಕಿರಿದಾಗಿದ್ದು ಆಸನ ಮಾತ್ರ ಜೋಲಿದರೆ ಆಗುವುದು ತದ್ವಿರುದ್ಧ. ಒಂದು ಕಾಲು ಎತ್ತಿದರೆ ಇನ್ನೊಂದು ಕಾಲಿನ ಬಟ್ಟೆಯೂ ಮೇಲೆ ಬರುತ್ತದೆ, ಎರಡೂ ಕಾಲನ್ನು ಹಗ್ಗ ಕಟ್ಟಿದಂತೆ. ಸಂದಿಗೆ ಹತ್ತಿರ ಕೂರುವ ಆಸನ, ಅದರಡಿ ಅಗಲವಾದ ಮಿಯಾನಿ, ಇದೇ ಸರಿಯಾದ ಲೆಕ್ಕ. ಅಂಗಿಯ ಬಗಲಿಗೂ ಇದೇ ನಿಯಮ.

ಬಟ್ಟೆ ಕಾರ್ಖಾನೆಗಳು ಬೇರೆ ದಾರಿ ಹಿಡಿದವು. 1958ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪೆನಿಯ ರಸಾಯನ ವಿಜ್ಞಾನಿ ಜೋಸೆಫ್ ಶಿವರ್ಸ್ ರಬ್ಬರಿನಂತೆ ಹಿಗ್ಗಿ ಕುಗ್ಗುವ ಕೃತಕ ಎಳೆಯೊಂದನ್ನು ತಯಾರಿಸಿದ. ಲೈಕ್ರಾ ಎಂಬ ಹೆಸರಿನಿಂದ ಅದು ಮನೆಮಾತಾಯಿತು. ಹತ್ತಿಯನ್ನು ಅದರ ಸುತ್ತ ಹೊಸೆದು ಹೊಕ್ಕುನೂಲಾಗಿ ನೇಯ್ದರೆ ಡೆನಿಮ್ ಹಿಗ್ಗುತ್ತದೆ. ಕುಕ್ಕುರುಗಾಲಿನಲ್ಲಿ ಕುಳಿತಾಗ ಮೊಣಕಾಲಿನ ಮೇಲಿನ ಚರ್ಮ ಮೂರನೇ ಒಂದು ಭಾಗಕ್ಕೂ ಹೆಚ್ಚು ಹಿಗ್ಗುತ್ತದೆ, ಹಿಂಭಾಗದ್ದು ಕಾಲು ಭಾಗದಷ್ಟಾದರೂ. ಹಳೆಯ ಡೆನಿಮ್ ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಈಗ ನೂರಕ್ಕೆ ಒಂದೆರಡು ಪಾಲು ಲೈಕ್ರಾ ಸೇರಿಸಿದರೆ ಆ ಅಂತರ ಬಹುಪಾಲು ತುಂಬುತ್ತದೆ. ಕತ್ತರಿ ಮಾಡಬೇಕಿದ್ದ ಕೆಲಸವನ್ನು ನೂಲಿಗೆ ಒಪ್ಪಿಸಿದರು.

ಇದಕ್ಕೂ ಬೆಲೆ ಉಂಟು. ಬಿಸಿ ಇಸ್ತ್ರಿಗೂ ಬ್ಲೀಚಿಗೂ ಲೈಕ್ರಾ ಬೇಗ ಸೋಲುತ್ತದೆ, ಮೊಣಕಾಲು ಜೋಲು ಬೀಳುತ್ತದೆ. ಹತ್ತಿಯೊಂದಿಗೆ ಬೆರೆತ ಅದನ್ನು ಬೇರ್ಪಡಿಸುವುದು ಕಷ್ಟವಾದ್ದರಿಂದ ಹಳೆ ಜೀನ್ಸಿನಿಂದ ಮತ್ತೆ ನೂಲು ತೆಗೆಯುವುದೂ ಕಷ್ಟ. ಹಿಗ್ಗುತ್ತದೆಂಬ ಧೈರ್ಯಕ್ಕೆ ಮತ್ತಷ್ಟು ಬಿಗಿಯಾಗಿ ಹೊಲಿಯುವುದು ಬೇರೆ. 2015ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಒಂದು ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ ಪ್ರಕರಣ ಜಗತ್ತಿನಾದ್ಯಂತ ಸುದ್ದಿಯಾಯಿತು. ಬಂಧುಗಳ ಮನೆ ಬದಲಾಯಿಸಲು ನೆರವಾಗುತ್ತ, ಬಿಗಿ ಜೀನ್ಸ್ ತೊಟ್ಟು ಗಂಟೆಗಟ್ಟಲೆ ಕುಕ್ಕುರುಗಾಲಲ್ಲಿ ಕಪಾಟು ಖಾಲಿ ಮಾಡಿದ 35ರ ಹೆಣ್ಣುಮಗಳೊಬ್ಬಳು ಕಾಲಿನ ಸ್ವಾಧೀನ ತಪ್ಪಿ ಬಿದ್ದಳು. ಕಾಲು ಊದಿ ಜೀನ್ಸನ್ನು ಕತ್ತರಿಸಿಯೇ ತೆಗೆಯಬೇಕಾಯಿತು. ನಾಲ್ಕು ದಿನ ಆಸ್ಪತ್ರೆವಾಸ. ಕುಕ್ಕುರುಗಾಲು ಅಲ್ಲಿ ಅಪರೂಪದ ಭಂಗಿ. ನಮ್ಮಲ್ಲಿ ಅಡುಗೆಮನೆಯಿಂದ ಹೊಲದವರೆಗೆ, ಬಚ್ಚಲಿನಿಂದ ಪಂಕ್ತಿಯ ಊಟದವರೆಗೆ ನೆಲಕ್ಕೆ ಬಗ್ಗದೆ ದಿನ ಕಳೆಯುವುದಿಲ್ಲ. ಕುರ್ಚಿಯ ಮೇಲೆ ಕೂರುವವರಿಗಾಗಿ ಕತ್ತರಿಸಿದ ಬಟ್ಟೆಯನ್ನು ನೆಲದ ಮೇಲೆ ಕೂರುವವರು ತೊಟ್ಟಿದ್ದೇವೆ.

ದರ್ಜಿಯ ಕೈಗೆ ಒಮ್ಮೆ ಬಂದಿತ್ತು

ಈ ಕತ್ತರಿಕೆಯನ್ನು ನಮಗೆ ಬೇಕಾದಂತೆ ತಿದ್ದಿಕೊಳ್ಳುವ ಒಂದು ಅವಕಾಶ ಬಂದಿತ್ತು ಎಂಬುದೇ ಈ ಕಥೆಯಲ್ಲಿ ನನಗೆ ಮುಖ್ಯವೆನಿಸಿದ ಭಾಗ. ಅಹಮದಾಬಾದಿನ ಅರವಿಂದ್ ಮಿಲ್ಸ್ 1980ರ ದಶಕದ ಕೊನೆಯಲ್ಲಿ ಡೆನಿಮ್ ನೇಯಲು ತೊಡಗಿತು. ಸಿದ್ಧ ಜೀನ್ಸ್ ಕೊಳ್ಳುವ ಶಕ್ತಿ ಸಣ್ಣ ಊರುಗಳಿಗಿರಲಿಲ್ಲ. 1995ರಲ್ಲಿ ಕಂಪೆನಿ 'ರಫ್ ಅಂಡ್ ಟಫ್' ಎಂಬ ಹೆಸರಿನಲ್ಲಿ ಒಂದು ಪೊಟ್ಟಣ ಮಾರುಕಟ್ಟೆಗೆ ಬಿಟ್ಟಿತು. ಒಳಗೆ ಒಂದು ಪ್ಯಾಂಟಿಗಾಗುವಷ್ಟು ಡೆನಿಮ್, ಜಿಪ್, ರಿವೆಟ್, ಸೊಂಟಕ್ಕೆ ಅಂಟಿಸುವ ಲೇಬಲ್. ಬೆಲೆ ಇನ್ನೂರು ರೂಪಾಯಿಯ ಒಳಗೆ. ಪೊಟ್ಟಣವನ್ನು ಊರಿನ ಟೇಲರಿಗೆ ಕೊಟ್ಟು ನಿಮ್ಮ ಅಳತೆಗೆ ಹೊಲಿಸಿಕೊಳ್ಳಿ ಎಂಬುದು ಮಾತು. ಸಾವಿರಾರು ಸಣ್ಣ ಊರುಗಳ ದರ್ಜಿಗಳೇ ಅದರ ಪ್ರಚಾರಕರಾದರು. ಪೊಟ್ಟಣ ಮಾರಿದಷ್ಟೂ ಅವರಿಗೆ ಹೊಲಿಗೆ ಕೂಲಿ. ವ್ಯಾಪಾರಶಾಸ್ತ್ರದ ಪಂಡಿತ ಸಿ.ಕೆ. ಪ್ರಹ್ಲಾದ್ ಬಡವರ ಮಾರುಕಟ್ಟೆಯ ಬಗ್ಗೆ ಸ್ಟುವರ್ಟ್ ಹಾರ್ಟ್ ಜೊತೆ ಬರೆದ ಪ್ರಸಿದ್ಧ ಲೇಖನದಲ್ಲಿ ಇದನ್ನೇ ಉದಾಹರಣೆಯಾಗಿ ಕೊಟ್ಟಿದ್ದಾರೆ.

ನೂರ ಇಪ್ಪತ್ತೆರಡು ವರ್ಷಗಳ ಬಳಿಕ ಜೀನ್ಸ್ ಮತ್ತೆ ಸಣ್ಣ ಊರಿನ ದರ್ಜಿಯ ಕೈಗೆ ಬಂದಂತಾಯಿತು. ಆದರೆ ಗಿರಾಕಿಗೆ ಬೇಕಿದ್ದದ್ದು ತನ್ನ ಮೈಗೆ ಹೊಂದುವ ಜೀನ್ಸಲ್ಲ, ಜಾಹೀರಾತಿನಲ್ಲಿ ಕಂಡ ಜೀನ್ಸ್. ಮಿಯಾನಿ ಹಾಕಿದರೆ ಅದು ಪೈಜಾಮದಂತೆ ಕಾಣುತ್ತದೆ ಎಂಬ ನಾಚಿಕೆ. ಮನೆಬಳಕೆಯ ಮಷೀನಿನಲ್ಲಿ ಡೆನಿಮ್‌ನ ನಾಲ್ಕೈದು ಪದರ ಹೊಲಿಯುವುದೂ ಸುಲಭವಲ್ಲ, ಸೂಜಿ ಮುರಿಯುತ್ತದೆ. ಬರಬರುತ್ತ ಸಿದ್ಧ ಜೀನ್ಸ್ ಅಗ್ಗವಾಯಿತು. ಹೊಲಿಗೆ ಕೂಲಿಯ ಬೆಲೆಗೇ ಸಂತೆಯಲ್ಲಿ ಪ್ಯಾಂಟು ಸಿಗುವಂತಾದ ಮೇಲೆ ಹೊಲಿಸುವವರು ಯಾರು?

ಆ ಅಗ್ಗದ ಜೀನ್ಸ್ ಬಂದದ್ದು ಬಹುಪಾಲು ಬಳ್ಳಾರಿಯಿಂದ. ಬ್ರಿಟಿಷರ ದಂಡು ಇದ್ದ ಆ ಊರಿಗೆ ಸೈನಿಕರ ಸಮವಸ್ತ್ರ ಹೊಲಿಯಲು ಮರಾಠಿ ಮೂಲದ ದರ್ಜಿ ಕುಟುಂಬಗಳು ಬಂದು ನೆಲೆಸಿದವೆಂದೂ, ಅವರ ಕೈಗುಣವೇ ಮುಂದೆ ಜೀನ್ಸಿಗೆ ಒಲಿಯಿತೆಂದೂ ಬಳ್ಳಾರಿಯಲ್ಲಿ ಹೇಳುತ್ತಾರೆ. ಅಲ್ಲಿ ಕತ್ತರಿಸುವವರು ಒಬ್ಬರು, ಮನೆಯಲ್ಲಿ ಕುಳಿತು ಜೇಬು ಕೂಡಿಸುವವರು ಮತ್ತೊಬ್ಬರು, ಗುಂಡಿ ಹಾಕುವವರು ಇನ್ನೊಬ್ಬರು. ಗಲ್ಲಿ ಗಲ್ಲಿಗೆ ಕೆಲಸ ಹಂಚಿಹೋಗುತ್ತದೆ. ತುಂಡಿನ ಲೆಕ್ಕದಲ್ಲಿ ಕೂಲಿ. ಬಣ್ಣ ಮಾಸಿಸುವ ತೊಳೆಯುವ ಘಟಕಗಳ ಕೊಳಕು ನೀರು ಅಲ್ಲಿನ ಹಳೆಯ ತಕರಾರು. 2023ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಜೀನ್ಸ್ ಪಾರ್ಕಿನ ಭರವಸೆಯೂ ಕೇಳಿಬಂತು. ಅದೇ ವರ್ಷ ಕಲಬುರಗಿಗೆ ಕೇಂದ್ರದ ಪಿಎಂ ಮಿತ್ರ ಜವಳಿ ಪಾರ್ಕ್ ಘೋಷಣೆಯಾಯಿತು. ಒಂದು ಕಾಲಕ್ಕೆ ಎಂ.ಎಸ್.ಕೆ. ಮಿಲ್ಲಿನ ಸೀಟಿಗೆ ಏಳುತ್ತಿದ್ದ ಊರು ಅದು.

ಇಷ್ಟು ದೊಡ್ಡ ಉದ್ದಿಮೆ ನಮ್ಮ ನೆಲದಲ್ಲೇ ಇರುವಾಗ ನಮ್ಮ ಭಂಗಿಗೆ ಹೊಂದುವ ಜೀನ್ಸೊಂದು ಇಲ್ಲಿ ಏಕೆ ಹುಟ್ಟಬಾರದು ಎಂಬುದು ನನ್ನ ಪ್ರಶ್ನೆ. ಸಸ್ತಾಪುರ ಬಂಗ್ಲಾದ ಹೆದ್ದಾರಿ ಬದಿಯಲ್ಲಿ ಲಾರಿಯ ಕೆಳಗೆ ತೂರಿ ದುಡಿಯುವ ಹುಡುಗರು ತೊಡುವುದು ಜೀನ್ಸನ್ನೇ. ಗಣಿಯವನ ಬಟ್ಟೆ ಮತ್ತೆ ದುಡಿಯುವವನ ಮೈಗೇ ಬಂದಿದೆ. ಅವರ ಪ್ಯಾಂಟುಗಳು ಮೊಣಕಾಲಿನಲ್ಲಿ, ತೊಡೆಸಂದಿಯಲ್ಲಿ ಹರಿದದ್ದು ಫ್ಯಾಶನ್ನಿಗಲ್ಲ. ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಕಾಲೇಜಿಗೆ ಬರುವ ಹುಡುಗಿಯರನ್ನು ನೋಡಿ. ಲಂಗ ದಾವಣಿ ಹೋಗಿ ಚೂಡಿದಾರ ಬಂದಾಗ ಹುಡುಗಿಯರು ಸೈಕಲ್ ಏರಿದರು. 2006–07ರಿಂದ ಸರ್ಕಾರವೇ ಎಂಟನೆಯ ತರಗತಿಯವರಿಗೆ ಸೈಕಲ್ ಹಂಚಿತು. ಆ ಪೆಡಲು ತುಳಿಯುವ ಕಾಲಿಗೆ ಬ್ರೇಕ್ ಹಾಕದೆ ಇದ್ದದ್ದು ಸಲ್ವಾರಿನ ಮಿಯಾನಿ. ಹುಡುಗಿಯರು ಜೀನ್ಸ್ ತೊಡಬೇಕೋ ಬೇಡವೋ ಎಂದು ಹಿರಿಯರು ವಾದಿಸುತ್ತಾರೆ. ತೊಟ್ಟವರಿಗೆ ಅದರಲ್ಲಿ ಕೂರಲು, ಏಳಲು, ಓಡಲು ಆಗುತ್ತದೆಯೇ ಎಂದು ಕೇಳುವವರು ಕಡಿಮೆ.

ಬಸವಕಲ್ಯಾಣದ ಅಂಗಡಿಯಲ್ಲಿ ಚಾಚಾ ಮೂಲೆಯ ಡಬ್ಬಿಯಿಂದ ಒಂದು ಹಿಡಿ ನೀಲಿ ತುಂಡು ತೆಗೆದರು. ಜೀನ್ಸಿನ ಉದ್ದ ಕಡಿಮೆ ಮಾಡಲು ಬಂದವರು ಬಿಟ್ಟುಹೋದ ತುದಿಗಳವು. ಈಗಿನ ಮುಖ್ಯ ಗಳಿಕೆಯೇ ಅದು: ಉದ್ದ ಕತ್ತರಿಸುವುದು, ಜಿಪ್ ಬದಲಿಸುವುದು, ಸೊಂಟ ಬಿಡಿಸುವುದು. ಹೊಸದು ಹೊಲಿಸುವವರು ರಮಜಾನಿಗೆ, ಮದುವೆಗೆ ಮಾತ್ರ. ಮಕ್ಕಳು ಈ ಕೆಲಸ ಕಲಿತಿಲ್ಲ. ಬಣ್ಣ ಹೊಂದುವ ತುಂಡೊಂದನ್ನು ಆರಿಸಿ, ಅಳತೆಪಟ್ಟಿ ಮುಟ್ಟದೆ ಗೇಣಿನಲ್ಲೇ ಅಳೆದು ಓರೆಯಾಗಿ ಕತ್ತರಿಸಿದರು. ಅಡ್ಡ ಬಂದ ದಪ್ಪ ಹೊಲಿಗೆಯನ್ನು ಬಿಚ್ಚಿ, ಸುತ್ತಿಗೆಯಿಂದ ಎರಡು ಸಲ ತಟ್ಟಿ ಮೆತ್ತಗೆ ಮಾಡಿ, ಮಷೀನಿನ ಚಕ್ರವನ್ನು ಕೈಯಿಂದಲೇ ತಿರುಗಿಸುತ್ತ ನಾಲ್ಕು ಬದಿ ಕೂಡಿಸಿದರು. ಇಪ್ಪತ್ತು ನಿಮಿಷದ ಕೆಲಸ. ಕೇಳಿದ್ದು ಐವತ್ತು ರೂಪಾಯಿ.

ಮರುದಿನ ಜಲಸಂಗ್ವಿಗೆ ಹೋದಾಗ ಶಿಲಾಬಾಲಿಕೆಯ ಬರಹವನ್ನು ಹತ್ತಿರದಿಂದ ನೋಡಿ, ಅದರ ಕೆಳಗಿನ ಅಧಿಷ್ಠಾನದ ಪಟ್ಟಿಕೆಗಳನ್ನು ನೋಡಲು ಮತ್ತೆ ಕುಕ್ಕುರುಗಾಲಲ್ಲಿ ಕುಳಿತೆ. ಸದ್ದೇನೂ ಆಗಲಿಲ್ಲ.